ಮಮತಾಳ ಸೀರೆಯ ನಕ್ಷತ್ರ

ಆಶಾರಾಣಿ ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಾಗ ಅವಳ ಕೊರಳಿಗೆ ತಾಳಿಯ ಜೊತೆ ಇನ್ನೊಂದನ್ನೂ ಕಟ್ಟಿದ್ದರು. ಅಂಗಿಯ ಗುಂಡಿಯಷ್ಟು ಅಗಲದ ಬೆಳ್ಳಿ ಬಿಲ್ಲೆ, ಅದರ ಮೇಲೆ ಎರಡು ಪುಟ್ಟ ಪಾದ. ಅದು ಸತ್ತುಹೋದ ಮೊದಲ ಹೆಂಡತಿ ಮಮತಾ. ಸವತಿ ಬಿಲ್ಲೆ ಎನ್ನುತ್ತಾರೆ. ಎರಡನೆಯವಳಿಗೆ ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಬೇಕು, ಬಳೆ ಬಂದರೆ ಮೊದಲು ಅದಕ್ಕೆ ತೋರಿಸಬೇಕು, ಹಬ್ಬದ ಹೋಳಿಗೆಯಲ್ಲಿ ಮೊದಲ ಚೂರು ಅದರ ಹೆಸರಿಗೆ ಎತ್ತಿಡಬೇಕು. ಇಲ್ಲದಿದ್ದರೆ ಸತ್ತವಳು ಮುನಿಯುತ್ತಾಳೆ ಎಂದು ಅತ್ತೆ ಓಬಳಮ್ಮ ಮದುವೆಯ ದಿನವೇ ಹೇಳಿಕೊಟ್ಟಿದ್ದಳು. ಬದುಕಿದ್ದಾಗ ಮಮತಾಳಿಗೆ ಹೊಸ ಸೀರೆ ತರಲು ಈ ಮನೆಯವರು ಎಷ್ಟು ಅಂಗಡಿ ಸುತ್ತಿದ್ದರೋ ದೇವರೇ ಬಲ್ಲ. ಸತ್ತ ಮೇಲಂತೂ ಆಕೆಗೆ ಯಾವ ಕೊರತೆಯೂ ಇರಲಿಲ್ಲ.

ಆಶಾರಾಣಿ ಡಿ. ಹಿರೇಹಾಳಿನ ಕಡೆಯವಳು. ಮಮತಾಳನ್ನು ಕಣ್ಣಿನಿಂದ ಕಂಡವಳಲ್ಲ. ಆದರೂ ಒಂದು ದಿನ ತಪ್ಪಿಸದೆ "ಅಕ್ಕಾ, ನಿನ್ನ ಪಾಲು ತಗೋ" ಎನ್ನುತ್ತಿದ್ದಳು. ಕಾಣದ ಅಕ್ಕನ ಜೊತೆ ಅವಳಿಗೆ ಜಗಳವಿರಲಿಲ್ಲ. ಜಗಳವಿದ್ದರೆ ಅದು ಅಕ್ಕ ಬಿಟ್ಟುಹೋದ ಮಗಳ ಮೌನದ ಜೊತೆ.

ಮಗಳ ಹೆಸರು ಹಿಮಬಿಂದು. ರಾಯದುರ್ಗದ ಕೋಟೆ ಗುಡ್ಡದ ಕೆಳಗಿನ ಆ ಓಣಿಯಲ್ಲಿ ಹಿಮ ಯಾರು ಕಂಡಿದ್ದರು, ಎಲ್ಲರೂ ಬಿಂದು ಎಂದೇ ಕರೆಯುತ್ತಿದ್ದರು. ನಾಲ್ಕನೆಯ ಕ್ಲಾಸು. ತಮ್ಮ ಗೋಪಿ ಇನ್ನೂ ಎಲ್‌ಕೆಜಿ. ಗೋಪಿಗೆ ತಾಯಿಯ ಮುಖವೇ ನೆನಪಿಲ್ಲದ್ದರಿಂದ ಅವಳು ಬಂದ ವಾರಕ್ಕೇ ಅವನು ಆಶಾರಾಣಿಯ ಸೆರಗು ಹಿಡಿದು ಅಮ್ಮಾ ಎಂದಿದ್ದ. ಬಿಂದು ಹಾಗಲ್ಲ. ಮನೆಯಲ್ಲಿ ಕನ್ನಡ ಆಡುವ ಹುಡುಗಿ ಇವಳನ್ನು ಕರೆಯಲು ಮಾತ್ರ ಶಾಲೆಯ ತೆಲುಗನ್ನು ತಂದಿದ್ದಳು. ಪಿನ್ನಿ ಎನ್ನುತ್ತಿದ್ದಳು, ಚಿಕ್ಕಮ್ಮ ಎಂದು. ಅದೂ ಬಹುವಚನದಲ್ಲಿ, ಪಕ್ಕದ ಮನೆಯವರ ಹತ್ತಿರ ಮಜ್ಜಿಗೆ ಕೇಳುವ ಹಾಗೆ.

ಈ ನಡುವೆ ಆಶಾರಾಣಿ ಬಸುರಿಯಾದಳು. ದೀಪಾವಳಿಗೆ ಅಮರಾಪುರದ ಕಡೆಯಿಂದ ಮಮತಾಳ ತಾಯಿ ಚಿತ್ತಮ್ಮ ಬಂದಾಗ ವಿಷಯ ತಿಳಿಯಿತು. ಮುದುಕಿ ಊಟಕ್ಕೆ ಕೂತಲ್ಲೇ ಅಳಿಯ ರಂಗನಾಥನಿಗೆ ಹೇಳಿಬಿಟ್ಟಳು.

"ಇನ್ನೊಂದು ಕೂಸು ಬಂದ್ಮೇಲೆ ನನ್ನ ಮೊಮ್ಮಗಳು ಈ ಮನೆ ತೊಟ್ಲು ತೂಗೋಳಾಗ್ತಾಳೆ ಕಣಪ್ಪ. ಬಿಂದುನ ನಾನು ಕರ್ಕಂಡೋಯ್ತೀನಿ. ನಮ್ಮೂರ ಸ್ಕೂಲ್ನಾಗೆ ಕನ್ನಡ ಮೀಡಿಯಂ ಐತೆ."

"ರಜಾ ಬರ್ಲಿ ಬಿಡ್ರಿ ಅತ್ತಿ, ನೋಡೋಣು," ಎಂದ ರಂಗನಾಥ. ಯಾರು ಏನು ಹೇಳಿದರೂ ಕೋಲೆಬಸವನ ಹಾಗೆ ತಲೆಯಾಡಿಸುವುದು ಅವನ ಗುಣ. ಜೀನ್ಸ್ ಪ್ಯಾಂಟು ಹೊಲಿಯುವ ಘಟಕದಲ್ಲಿ ಇಡೀ ದಿನ ಮಿಷನ್ನಿನ ಸದ್ದು ಕೇಳಿ ಮನೆಗೆ ಬಂದವನಿಗೆ ಮಾತು ಬೇಡವಾಗಿರುತ್ತಿತ್ತು.

ಅಂದಿನಿಂದ ಆಶಾರಾಣಿಗೆ ಒಂದೇ ಆಸೆ. ಬಿಂದು ತಾನಾಗಿಯೇ "ನಾ ಹೋಗಲ್ಲ, ಇಲ್ಲೇ ಇರ್ತೀನಿ" ಎನ್ನಬೇಕು. ಮಲತಾಯಿ ಬಂದು ಮಗಳನ್ನು ಓಡಿಸಿದಳು ಎಂದು ಓಣಿ ಆಡಿಕೊಂಡೀತೆಂಬ ಭಯ ಸ್ವಲ್ಪ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಆ ಹುಡುಗಿ ಅವಳಿಗೆ ಬೇಕಾಗಿದ್ದಳು. ತಲೆ ಬಾಚಿಸಿಕೊಳ್ಳುವಾಗ ಕತ್ತು ಬಿಗಿಹಿಡಿದು ಕೂರುವ, ಬಿಸಿ ರೊಟ್ಟಿಯನ್ನು ತಮ್ಮನಿಗೆ ಕೊಟ್ಟು ತಣ್ಣಗಿನದನ್ನು ತಾನು ತಿನ್ನುವ ಆ ಹುಡುಗಿಯ ಮೇಲೆ ಅವಳು ಜೀವ ಇಟ್ಟುಕೊಂಡಿದ್ದಳು.

ನವೆಂಬರ್ ಕೊನೆಯ ಒಂದು ಸಂಜೆ ಆಶಾರಾಣಿ ರೊಟ್ಟಿ ತಟ್ಟುತ್ತಿದ್ದಾಗ ಬಿಂದು ಅಪ್ಪನ ಪಕ್ಕ ಕೂತು ಹೇಳಿದಳು.

"ಅಪ್ಪಾ, ಸ್ಕೂಲ್ನಾಗ ಕ್ರಿಸ್ಮಸ್ ಗಿಡಕ್ಕ ಕಟ್ಟಾಕ ಎಲ್ರೂ ಒಂದೊಂದು ನಕ್ಷತ್ರ ಮಾಡಬೇಕಂತ. ಅಂಗಡ್ಯಾಗಿಂದು ತರಬಾರ್ದಂತ. ಮನ್ಯಾಗಿನ ವಸ್ತುದಾಗೇ ಮಾಡಬೇಕಂತ."

"ನಾವೇನ್ ಕಿರಸ್ತಾನರೇನು?" ಎಂದಳು ಓಬಳಮ್ಮ, ಒಲೆಯ ಮುಂದಿನಿಂದಲೇ.

"ಎಲ್ರೂ ಮಾಡ್ತಾರಜ್ಜಿ. ಅದರ ಹಿಂದ ನಮ್ಮ ಹೆಸರು ಹಾಕ್ತಾರ. ವರ್ಷಾ ವರ್ಷಾ ಅದನ್ನೇ ಗಿಡಕ್ಕ ಕಟ್ತಾರ. ಹತ್ತನೇ ಕ್ಲಾಸ್ ಮುಗಿಸಿ ಹೋಗಬೇಕಾದ್ರ ನಮಗೇ ಕೊಡ್ತಾರ, ದೊಡ್ಡೋರಾದ ಮ್ಯಾಲೂ ಇಟ್ಕೊಳ್ಳಾಕ."

"ಯುಗಾದಿಗೆ ಅವ್ರು ನಮ್ಮ ಬೇವು ತಿಂತಾರೇನು?"

"ಸುವಾರ್ತ ಟೀಚರ್ ತಿಂದ್ರು. ನಾನೇ ಒಯ್ದು ಕೊಟ್ಟಿದ್ದೆ."

ಓಬಳಮ್ಮ ಹೆಂಚಿನ ರೊಟ್ಟಿ ಮಗುಚಿದಳು. ರಂಗನಾಥ ನಕ್ಕ. ಆಶಾರಾಣಿ ಹಿಟ್ಟಿನ ಕೈಯನ್ನು ಕೊಡವಿ, "ನಾ ಮಾಡಿಸಿಕೊಡ್ತೀನಿ ತಗೋ. ಜೀನ್ಸ್ ಚಿಂದಿ ಬೇಕಾದಷ್ಟು ಐತಿ," ಎಂದಳು.

ಆ ಮನೆಯಲ್ಲಿ ಚಿಂದಿಗೆ ಬರವಿರಲಿಲ್ಲ. ಘಟಕದಿಂದ ಹೊಲಿದ ಪ್ಯಾಂಟುಗಳ ಗಂಟು, ಜೊತೆಗೆ ಉಳಿದ ಚಿಂದಿ ಮನೆಗೆ ಬರುತ್ತಿದ್ದವು. ಹೊಲಿಗೆಯ ತುದಿಯಲ್ಲಿ ನೇತಾಡುವ ದಾರಗಳನ್ನು ಆಶಾರಾಣಿ ಸಣ್ಣ ಕತ್ತರಿಯಿಂದ ಕತ್ತರಿಸಿ, ಮಡಿಸಿ, ಮತ್ತೆ ಗಂಟು ಕಟ್ಟಿ ಕಳಿಸಬೇಕು. ಗಂಟು ಬಿಚ್ಚಿದರೆ ಮನೆಯೆಲ್ಲ ನೀಲಿ. ಅನ್ನದಲ್ಲಿ ದಾರ, ನೀರಿನಲ್ಲಿ ದಾರ, ಗೋಪಿಯ ಕೂದಲಲ್ಲಿ ದಾರ. ಅವಳು ಚಿಂದಿಯ ಮೇಲೆ ಬಟ್ಟಲು ಬೋರಲಿಟ್ಟು ಗೆರೆ ಎಳೆದು ನಕ್ಷತ್ರದ ಅಳತೆ ಮಾಡಿದಳು. ಎರಡು ತುಂಡು ಕತ್ತರಿಸಿ ಅಂಚು ಹೊಲಿದು, ಒಳಗೆ ಹತ್ತಿಯ ಬದಲು ಕತ್ತರಿಸಿದ ದಾರಗಳನ್ನೇ ತುಂಬಿದಳು. ಗೋಪಿ ಕಡ್ಡಿಯಿಂದ ದಾರ ತುರುಕಿದ. ಅವನ ನಕ್ಷತ್ರದ ಒಂದು ಕೊಂಬು ಸೊಟ್ಟಗಾಗಿ, ಇನ್ನೊಂದು ಊದಿಕೊಂಡು, ಕೊನೆಗೆ ಅದು ಅಂಗಾತ ಬಿದ್ದ ಕಪ್ಪೆಯ ಹಾಗೆ ಕಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಅವನು ಅದನ್ನು ಎದೆಗೊತ್ತಿಕೊಂಡೇ ಮಲಗಿದ.

ಬಿಂದು ಮಾತ್ರ ಕೈ ಹಚ್ಚಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಹೀಗೆ ಕೆಲವು ದಿನ ಕಳೆದ ಮೇಲೆ, ಓಬಳಮ್ಮ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ, ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತು ಕೇಳಿದಳು.

"ಪಿನ್ನಿ, ಅಮ್ಮನ ಸೀರಿ ಟ್ರಂಕಿನಾಗ ಐತಲ್ಲ. ಅದರಾಗ ಮಾಡಬಹುದೇನ್ರಿ?"

ಅದು ಮಮತಾಳ ಮದುವೆಯ ಸೀರೆ. ಬದನೆಕಾಯಿ ಬಣ್ಣದ ಧರ್ಮಾವರದ ರೇಷ್ಮೆ. ಪಿತೃಪಕ್ಷದ ಹಿರಿಯರ ಹಬ್ಬದಲ್ಲಿ ಅದನ್ನು ಮಡಿಸಿ ಮಮತಾಳ ಎಡೆಯ ಮುಂದೆ ಇಡುತ್ತಿದ್ದರು. ಪೂಜೆಯಾದ ಮೇಲೆ ಆಶಾರಾಣಿ ಒಂದು ಹೊತ್ತು ಉಟ್ಟು ಮತ್ತೆ ಟ್ರಂಕಿಗೆ ಸೇರಿಸಬೇಕು. ಅದನ್ನು ಮುಟ್ಟುವ ಅಧಿಕಾರ ವರ್ಷದ ಉಳಿದ ದಿನಗಳಲ್ಲಿ ನುಸಿಗುಳಿಗೆಗೆ ಬಿಟ್ಟರೆ ಇನ್ಯಾರಿಗೂ ಇರಲಿಲ್ಲ.

ಆದರೆ ಹುಡುಗಿ ಈ ಮನೆಯಲ್ಲಿ ಆಶಾರಾಣಿಯ ಬಳಿ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಆಶಾರಾಣಿಗೆ ಎದೆ ತುಂಬಿ ಬಂತು. ಟ್ರಂಕು ತೆಗೆದಳು. ಸೀರೆಯನ್ನು ಬಿಚ್ಚಿ, ಸೊಂಟಕ್ಕೆ ಸಿಕ್ಕಿಸುವ ಒಳತುದಿಯನ್ನು ಹುಡುಕಿ, ಅಲ್ಲಿಂದ ಅಂಗೈಯಗಲ ಎರಡು ತುಂಡು ಕತ್ತರಿಸಿದಳು. ಉಟ್ಟರೆ ಯಾರಿಗೂ ಕಾಣದ ಜಾಗ. ಕತ್ತರಿಸುವ ಮುನ್ನ ಬಿಲ್ಲೆಯನ್ನು ಹಿಡಿದು ಅಕ್ಕನನ್ನು ಒಂದು ಮಾತು ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಮಗಳು ಕೇಳಿದ್ದನ್ನು ಯಾವ ತಾಯಿ ಇಲ್ಲ ಅನ್ನುತ್ತಾಳೆ?

ಆ ಮಧ್ಯಾಹ್ನಗಳು ಚೆನ್ನಾಗಿದ್ದವು. ಅಜ್ಜಿ ನಿದ್ದೆ ಮಾಡುವ ಹೊತ್ತಿಗೆ ಇಬ್ಬರೂ ಹಿಂದಿನ ಬಾಗಿಲ ಬಿಸಿಲಿಗೆ ಕೂರುತ್ತಿದ್ದರು. ರೇಷ್ಮೆ ಜೀನ್ಸಿನ ಹಾಗಲ್ಲ, ಜಾರುತ್ತದೆ, ಅಂಚು ಎಳೆ ಬಿಡುತ್ತದೆ. ಬಿಂದು ಸೂಜಿ ಚುಚ್ಚಿಕೊಂಡು ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ನಿಮ್ಮಮ್ಮ ಹೊಲೀತಿದ್ಲಾ?" ಎಂದು ಆಶಾರಾಣಿ ಕೇಳಿದಳು. ಕೇಳಬಹುದೋ ಬಾರದೋ ಎಂಬ ಅಳುಕು ಇತ್ತು.

"ಗುಂಡಿಗೆ ಕಾಜಾ ಮಾಡ್ತಿದ್ಲು. ಬಾಳ ಜಲ್ದಿ. ನಾ ಎದ್ದು ಹೊರಗ ಹೋದ್ರ ತಾನೂ ಎದ್ದು ಹಿಂದ ಬರ್ತಿದ್ಲು. ಬಾತ್‌ರೂಮಿಗೆ ಹೋದ್ರೂ ಬಾಗ್ಲದಾಗ ಬಂದು ನಿಲ್ತಿದ್ಲು. ನನ್ನ ಬಿಟ್ಟು ಇರ್ತಿರ್ಲಿಲ್ಲ."

"ಅಷ್ಟು ಪ್ರೀತಿ."

"ಹೂಂ. ಅಮ್ಮಗ ಜ್ವರ ಬಂದು ಆಸ್ಪತ್ರ್ಯಾಗ ಇದ್ದಾಗ ಮಾತ್ರ ನನ್ನ ಒಳಗ ಬಿಡ್ಲಿಲ್ಲ."

ಅಷ್ಟು ಹೇಳಿ ಬಿಂದು ಮತ್ತೆ ಸೂಜಿಗೆ ತಲೆ ಬಾಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಬೆನ್ನು ಆಶಾರಾಣಿಯ ಮೊಣಕಾಲಿಗೆ ತಾಗಿತು, ತೆಗೆಯಲಿಲ್ಲ. ಆಶಾರಾಣಿ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ನಕ್ಷತ್ರ ಸಿದ್ಧವಾಯಿತು. ಬದನೆ ಬಣ್ಣದ ಮೇಲೆ ಜರಿಯ ಒಂದು ಗೆರೆ ನಡುವೆ ಬರುವಂತೆ ಹೊಲಿದಿದ್ದರು. ಬಿಂದು ಅದನ್ನು ಶಾಲೆಗೆ ಒಯ್ದಳು. ಸುವಾರ್ತ ಟೀಚರ್ ಅದನ್ನು ಗಿಡದ ಮೇಲುಗಡೆ ಕಟ್ಟಿದರಂತೆ, ಗೋಪಿಯ ಕಪ್ಪೆಯನ್ನು ಕೆಳಗೆ. ಆ ರಾತ್ರಿ ಬಿಂದು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಈ ರಜಾ ಕಳೆದರೆ ಹುಡುಗಿ ಇಲ್ಲೇ ನಿಲ್ಲುತ್ತಾಳೆ ಎಂದು ಆಶಾರಾಣಿ ಗಂಡನಿಗೆ ಹೇಳಿದಳು. ಅವನು ತಲೆಯಾಡಿಸಿದ.

ಮುಂದಿನ ವಾರ ಆಶಾರಾಣಿಗೆ ಹೊಟ್ಟೆನೋವು ಬಂತು. ಬೆಳಿಗ್ಗೆ ಉಗ್ಗಾಣಿಗೆ ಮಂಡಕ್ಕಿ ನೆನೆಸುತ್ತಿದ್ದವಳು ಅಲ್ಲೇ ಕುಸಿದಳು. ರಂಗನಾಥ ಆಟೋ ತಂದ. ಬಸಿರು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ತೊಳೆದುಕೊಳ್ಳುತ್ತ ಸಮಾಧಾನ ಹೇಳಿದರು. ಕೆಲವು ಸಲ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ, ವಯಸ್ಸಿದೆ, ಮತ್ತೆ ಆಗುತ್ತದೆ. ಯಾರ ತಪ್ಪೂ ಅಲ್ಲ ಎಂಬ ಮಾತು ಮನೆಗಳಲ್ಲಿ ಬಹಳ ದಿನ ಬಾಳುವುದಿಲ್ಲ. ಯಾರದಾದರೂ ತಪ್ಪು ಇರಲೇಬೇಕು.

ಮೊದಮೊದಲು ಓಬಳಮ್ಮ ಒಳ್ಳೆಯವಳೇ ಆಗಿದ್ದಳು. ಬೆಳ್ಳುಳ್ಳಿ, ಮೆಣಸು ಅರೆದು ಖಾರ ಮಾಡಿ ಅನ್ನಕ್ಕೆ ಕಲಸಿಕೊಟ್ಟಳು. ಸೊಸೆಯ ತಲೆಗೆ ಬಟ್ಟೆ ಸುತ್ತಿದಳು. ಪ್ಯಾಂಟಿನ ಗಂಟುಗಳನ್ನು ತಾನೇ ಬಿಚ್ಚಿಕೊಂಡು ಕೂತಳು. ಆಗ ಗೋಪಿ ಬಂದು ಅವಳ ತೊಡೆಯ ಮೇಲೆ ಕೂತ.

"ಅಜ್ಜಿ, ನನ್ನ ನಕ್ಷತ್ರ ಪ್ಯಾಂಟಿಂದು. ಅಕ್ಕಂದು ಚೆಂದ ಐತಿ."

"ಅದ್ಯಾಕ ಚೆಂದ ಐತಿ?"

"ಅಕ್ಕಂದು ಸತ್ತೋದ ಅಮ್ಮನ ಸೀರಿದು."

ಓಬಳಮ್ಮ ಕತ್ತರಿ ಕೆಳಗಿಟ್ಟಳು. ಎದ್ದುಹೋಗಿ ಟ್ರಂಕು ತೆಗೆದಳು. ಸೀರೆಯನ್ನು ಒಂದೊಂದೇ ಮಡಿಕೆ ಬಿಚ್ಚುತ್ತ ಬಂದಾಗ ಕೊನೆಗೆ ಕತ್ತರಿಯ ಬಾಯಿ ಬಿದ್ದ ಜಾಗ ಸಿಕ್ಕಿತು. ಅದನ್ನು ಹಾಗೆಯೇ ಎತ್ತಿಕೊಂಡು ಬಂದು ಮಲಗಿದ್ದ ಸೊಸೆಯ ಮೈಮೇಲೆ ಹಾಕಿದಳು.

"ಇದನ್ನ ಕೊಯ್ಯಾಗ ಆಕೀನ್ನ ಕೇಳಿದ್ದ್ಯಾ?"

ಆಶಾರಾಣಿ ಸೀರೆಯನ್ನೂ ಅತ್ತೆಯನ್ನೂ ನೋಡಿದಳು. "ಬಿಂದು ಕೇಳಿದ್ಲು ಅತ್ತಿ. ಒಂದು ಚೂರು."

"ನಾ ಕೇಳಿದ್ದು ಬಿಂದುನ್ನಲ್ಲ. ಸವತೀನ್ನ ಕೇಳಿದ್ದ್ಯಾ ಅಂದೆ."

"ಇಲ್ರಿ."

"ಆತು ಬಿಡು. ಈಗ ತಿಳೀತು." ಓಬಳಮ್ಮ ಗೋಡೆಗೆ ಒರಗಿ ಕೂತಳು. ಅವಳಿಗೂ ಆ ಕೂಸಿನ ಆಸೆ ಬಹಳವಿತ್ತು. ಅಳು ಬಂದರೆ ಅವಳ ಬಾಯಿಂದ ಬೈಗುಳವಾಗಿಯೇ ಬರುವುದು. "ಎಡಿ ಮುಂದ ಇಡೋ ಸೀರಿಗೆ ಕತ್ತರಿ ಹಾಕಿದ್ರ ಆಕಿ ಸುಮ್ನ ಕುಂದರ್ತಾಳೇನು? ನೀ ಆಕಿ ಸೀರಿಗೆ ಕೈ ಹಾಕಿದಿ, ಆಕಿ ನಿನ್ನ ಹೊಟ್ಟಿಗೆ ಕೈ ಹಾಕಿದ್ಲು."

ಬಾಗಿಲಲ್ಲಿ ಬಿಂದು ನಿಂತಿದ್ದಳು. ಶಾಲೆಯ ಚೀಲ ಇನ್ನೂ ಬೆನ್ನಿನ ಮೇಲಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಓಬಳಮ್ಮನೇ ಓಣಿಯ ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದವಳು. ಮೊಮ್ಮಗಳನ್ನು ಕಂಡು ಬಾಯಿ ಮುಚ್ಚಿಕೊಂಡು ನೀರಿಗೆಂದು ಎದ್ದು ಹೋದಳು.

ಬಿಂದು ಒಳಗೆ ಬಂದು ಹಾಸಿಗೆಯ ಕಾಲಬುಡದಲ್ಲಿ ನಿಂತಳು.

"ಪಿನ್ನಿ, ಅಜ್ಜಿ ಅಂದಿದ್ದು ಹೌದೇನ್ರಿ?"

ಅಲ್ಲ ಎನ್ನಬೇಕಿತ್ತು. ಅಷ್ಟು ಸಣ್ಣ ಮಾತು. ಆದರೆ ಆಶಾರಾಣಿಗೆ ಮೈಯಲ್ಲಿ ರಕ್ತವಿರಲಿಲ್ಲ, ಎದೆಯಲ್ಲಿ ಧೈರ್ಯವಿರಲಿಲ್ಲ. ಹೌದೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಕೊರಳಿನ ಬಿಲ್ಲೆ ಎದೆಗೆ ತಣ್ಣಗೆ ತಾಗುತ್ತಿತ್ತು. ಅವಳು ಉತ್ತರ ಕೊಡದೆ ಗೋಡೆಯ ಕಡೆ ಹೊರಳಿ ಮಲಗಿ ಅತ್ತಳು. ಆ ಹೊತ್ತಿಗೆ ಅವಳಿಗೆ ತನ್ನ ದುಃಖವೇ ಬೆಟ್ಟದಷ್ಟಿತ್ತು, ಕಾಲಬುಡದಲ್ಲಿ ನಿಂತ ಮಗುವಿನ ಮುಖ ಕಾಣಲಿಲ್ಲ.

ಮರುದಿನದಿಂದ ಬಿಂದು ಬಹಳ ಒಳ್ಳೆಯ ಹುಡುಗಿಯಾದಳು. ಎದ್ದ ಕೂಡಲೇ ಬಿಸಿನೀರು ಕಾಯಿಸಿ ಲೋಟಕ್ಕೆ ಹಾಕಿ ತಂದುಕೊಡುವಳು. ಗೋಪಿಗೆ ತಾನೇ ಸ್ನಾನ ಮಾಡಿಸುವಳು. ಪಾತ್ರೆ ತಿಕ್ಕುವಳು. ಅಜ್ಜಿ ಬೈದರೆ ಎದುರಾಡಳು. ರಾತ್ರಿ ಊಟಕ್ಕೆ ಕೂತಾಗ ತನ್ನ ತಟ್ಟೆಯ ಮೊಟ್ಟೆಯನ್ನು ಎತ್ತಿ ಆಶಾರಾಣಿಯ ತಟ್ಟೆಗೆ ಹಾಕಿದಳು.

"ನೀ ತಿನ್ನವ್ವ," ಎಂದಳು ಆಶಾರಾಣಿ.

"ನಿಮಗ ಶಕ್ತಿ ಬರಬೇಕು. ಟೀಚರ್ ಹೇಳ್ಯಾರ."

ಕಳಕೊಂಡ ಕೂಸಿನ ಬದಲಿಗೆ ದೇವರು ಈ ಕೂಸನ್ನು ಕೊಟ್ಟ ಎಂದುಕೊಂಡಳು ಆಶಾರಾಣಿ. ಅಷ್ಟು ದುಃಖದ ನಡುವೆಯೂ ಅವಳಿಗೆ ಒಂದಿಷ್ಟು ಸಂತೋಷವಿತ್ತು.

ಕ್ರಿಸ್ಮಸ್ ರಜೆಗೆ ಮೊದಲು ಶಾಲೆಯಲ್ಲಿ ಸಣ್ಣ ಕಾರ್ಯಕ್ರಮವಿತ್ತು. ಓಬಳಮ್ಮ ಬೇಡವೆಂದರೂ ಆಶಾರಾಣಿ ಗೋಪಿಯ ಕೈ ಹಿಡಿದು ನಿಧಾನವಾಗಿ ನಡೆದು ಹೋದಳು. ದೊಡ್ಡ ಕೋಣೆಯ ಮೂಲೆಯಲ್ಲಿ ಸರ್ವೆಗಿಡದ ಕೊಂಬೆ ನಿಲ್ಲಿಸಿದ್ದರು. ಅದರ ತುಂಬ ಮಕ್ಕಳ ಕೈಕೆಲಸ ತೂಗುತ್ತಿತ್ತು. ಶೇಂಗಾ ಸಿಪ್ಪೆ ಅಂಟಿಸಿದ್ದು, ಒಡೆದ ಬಳೆ ಪೋಣಿಸಿದ್ದು, ಯಾರದೋ ಅಜ್ಜನ ಟವೆಲ್ಲಿನದು, ಸೈಕಲ್ ಟ್ಯೂಬಿನದು. ಗೋಪಿಯ ಕಪ್ಪೆ ಕೆಳಗೆ ನೇತಾಡುತ್ತಿತ್ತು. ಬದನೆ ಬಣ್ಣದ ನಕ್ಷತ್ರ ಎಲ್ಲಿಯೂ ಕಾಣಲಿಲ್ಲ.

"ಬಿಂದುದು ಎಲ್ಲೈತ್ರಿ ಮೇಡಂ?"

ಸುವಾರ್ತ ಟೀಚರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ತೆಲುಗಿನವರ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. "ಹೋದ ವಾರನೇ ಬಿಚ್ಚಿಕೊಂಡು ಹೋದಳಮ್ಮ. ಇದು ಇಲ್ಲಿ ಇರಬಾರದು ಟೀಚರ್, ನನ್ನ ಹತ್ತಿರನೇ ಇರಬೇಕು ಅಂದಳು. ನಾನು ಬಲವಂತ ಮಾಡಲಿಲ್ಲ. ಮನೆಯಲ್ಲಿ ಏನಾದರೂ ಆಯಿತಾ?"

"ಏನಿಲ್ರಿ," ಎಂದಳು ಆಶಾರಾಣಿ. ತಾಯಿಯ ನೆನಪು ಕಾಡಿರಬೇಕು, ತಲೆದಿಂಬಿನ ಕೆಳಗೆ ಇಟ್ಟುಕೊಂಡಿರಬೇಕು ಎಂದುಕೊಂಡಳು. ಕೇಕಿನ ಚೂರನ್ನು ಬಿಂದು ಅವಳಿಗೆಂದು ಕಾಗದದಲ್ಲಿ ಸುತ್ತಿ ತಂದಿದ್ದಳು.

ರಜೆಯ ಮೊದಲ ದಿನವೇ ಚಿತ್ತಮ್ಮ ಬಂದಳು. ಕೈಚೀಲದಲ್ಲಿ ರಾಗಿ ಹಿಟ್ಟು, ಹಸಿ ಅವರೆಕಾಯಿ. ಆಶಾರಾಣಿಯ ತಲೆ ಸವರಿ, "ಹೋಗ್ಲಿ ಕಣವ್ವ, ಇನ್ನೂ ಚಿಕ್ಕೋಳು ನೀನು," ಎಂದು ಮನಸಾರೆ ಹೇಳಿದಳು. ತಾನೇ ಮುದ್ದೆ ತೊಳಸಿ ಅವರೆಕಾಳು ಸಾರು ಮಾಡಿದಳು. ಎಲ್ಲರೂ ಊಟಕ್ಕೆ ಕೂತರು. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಓಬಳಮ್ಮನಿಗೆ ಬಾಯಿ ತಡೆಯಲಿಲ್ಲ.

"ನಿಮ್ಮ ಮಗಳಿಗೆ ಶಾಂತಿ ಮಾಡಿಸಬೇಕು ಬೀಗ್ತಿ. ಬಾಳ ಸಿಟ್ಟಿನಾಗ ಅದಾಳ."

"ಯಾವ ಮಗ್ಳು?"

"ಇನ್ನ್ಯಾವಾಕಿ, ಸತ್ತಾಕಿ." ಎಂದು ಓಬಳಮ್ಮ ಸೀರೆಯ ಕಥೆಯನ್ನೆಲ್ಲ ಹೇಳಿದಳು.

ಚಿತ್ತಮ್ಮ ಮುರಿದ ಮುದ್ದೆಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. ಮಾತಾಡಿದಾಗ ದನಿ ಏರಲಿಲ್ಲ.

"ಬದುಕಿದ್ದಾಗ ನನ್ನ ಮಗಳು ಒಂದು ಇರುವೆ ತುಳಿದೋಳಲ್ಲ. ಸತ್ತ ಮೇಲೆ ಅವ್ಳ ಮೇಲೆ ಕೂಸಿನ ಕೊಲೆ ಹೊರಿಸ್ತೀರಾ? ನಿಮ್ಮನೆ ಅನ್ನ ಉಂಡಿದ್ದು ಸಾಕು ಕಣಮ್ಮ."

"ನಾನೇನು ಸುಳ್ಳು ಹೇಳಿದ್ನಾ? ಕೊಳ್ಳಾಗ ಬಿಲ್ಲಿ ಕಟ್ಟಿದ್ದು ಸುಮ್ಸುಮ್ನ ಅಲ್ಲ."

"ಕಟ್ಟಿದ್ದು ನೀವು. ನನ್ನ ಮಗಳು ಕೇಳಿದ್ಲಾ ಕಟ್ಟಿ ಅಂತ?"

"ಅವ್ವಾ, ಸುಮ್ನಿರ್ರಿ ಇಬ್ರೂ," ಎಂದ ರಂಗನಾಥ. ಜೀವನದಲ್ಲಿ ಅವನು ತಲೆಯಾಡಿಸದೆ ಆಡಿದ ಕೆಲವೇ ಮಾತುಗಳಲ್ಲಿ ಅದೊಂದು, ಯಾರೂ ಕೇಳಲಿಲ್ಲ.

"ತಾಯೀನ ದೆವ್ವ ಅನ್ನೋ ಮನೆಯಾಗೆ ನನ್ನ ಮೊಮ್ಮಗಳನ್ನ ಒಂದಿನ ಬಿಡಲ್ಲ," ಎಂದು ಚಿತ್ತಮ್ಮ ಕೈ ತೊಳೆದಳು.

ಆಶಾರಾಣಿ ಊಟ ಬಿಟ್ಟು ಎದ್ದು ಬಂದು ಮುದುಕಿಯ ಕೈ ಹಿಡಿದಳು. "ಅಮ್ಮಾ, ಕರ್ಕೊಂಡು ಹೋಗಬ್ಯಾಡ್ರಿ. ಅತ್ತಿ ಬಾಯಿಗೆ ಬಂದಂಗ ಅಂದ್ರು. ಬಿಂದು ಈಗ ನನ್ನ ಕೂಡ ಹೊಂದ್ಕೊಂಡಾಳ. ಬೇಕಾದ್ರ ಆಕೀನ್ನೇ ಕೇಳ್ರಿ."

ಎಲ್ಲರೂ ಬಿಂದುವಿನ ಕಡೆ ತಿರುಗಿದರು. ಅವಳು ಗೋಪಿಯ ಬಾಯಿ ಒರೆಸುತ್ತಿದ್ದಳು.

"ನಾ ಹೋಗ್ತೀನಿ," ಎಂದಳು.

ಆಶಾರಾಣಿಗೆ ಮೊದಲು ಕೇಳಿಸಲಿಲ್ಲ ಎಂಬಂತಾಯಿತು. "ರಜಾಕ್ಕೇನು?"

"ಇಲ್ರಿ. ಅಲ್ಲೇ ಇರ್ತೀನಿ. ಟೀಸಿ ಆಮ್ಯಾಲ ಅಪ್ಪ ತಂದ್ಕೊಡ್ಲಿ."

ಆಶಾರಾಣಿ ಆ ರಾತ್ರಿ ಗಂಡನ ಮೇಲೆ ಕೂಗಾಡಿದಳು. ಇಷ್ಟು ದಿನ ತಟ್ಟೆಗೆ ಮೊಟ್ಟೆ ಹಾಕಿದ್ದು, ನೀರು ಕೊಟ್ಟಿದ್ದು ಎಲ್ಲ ನಾಟಕವೇನು ಎಂದಳು. ಮಲತಾಯಿಗೆ ಎಷ್ಟು ಮಾಡಿದರೂ ಅಷ್ಟೇ ಎಂದಳು. ಪಕ್ಕದ ಚಾಪೆಯಲ್ಲಿ ಬಿಂದು ಎಚ್ಚರವಿದ್ದಾಳೋ ಇಲ್ಲವೋ ನೋಡಲಿಲ್ಲ. ಬೆಳಿಗ್ಗೆ ಎದ್ದಾಗ ಬಿಸಿನೀರಿನ ಲೋಟ ತಲೆದೆಸೆಯಲ್ಲಿತ್ತು.

ರಂಗನಾಥನಿಗೆ ಘಟಕದಲ್ಲಿ ರಜೆ ಕೊಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಕಳಿಸಲು ಆಶಾರಾಣಿಯೇ ಹೋದಳು, ಗೋಪಿಯನ್ನು ಕಂಕುಳಲ್ಲಿ ಎತ್ತಿಕೊಂಡು. ಭಾರ ಎತ್ತಬೇಡ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿತ್ತು, ಆದರೆ ಅವನು ಅಕ್ಕ ಹೋಗುತ್ತಾಳೆಂದು ಹೊರಳಾಡಿ ಅಳುತ್ತಿದ್ದ. ಕಲ್ಯಾಣದುರ್ಗದ ಬಸ್ಸು ನಿಂತಿತ್ತು. ಅಲ್ಲಿಂದ ಮಡಕಶಿರಾ, ಮಡಕಶಿರಾದಿಂದ ಅಮರಾಪುರ. ಚಿತ್ತಮ್ಮ ಸೀಟು ಹಿಡಿಯಲು ಮೊದಲೇ ಹತ್ತಿದಳು. ಬಿಂದು ಚೀಲ ಹಿಡಿದು ಕೆಳಗೆ ನಿಂತಿದ್ದಳು.

"ನಾ ನಿನಗ ಏನು ಕಮ್ಮಿ ಮಾಡಿದ್ನೇ?" ಎಂದಳು ಆಶಾರಾಣಿ. ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

"ಏನೂ ಇಲ್ರಿ."

"ಮತ್ಯಾಕ ಹೋಗ್ತಿ?"

ಬಿಂದು ಬಸ್ಸಿನ ಬಾಗಿಲ ಕಡೆ, ಅಜ್ಜಿಗೆ ಕೇಳಿಸೀತೇನೋ ಎಂದು ನೋಡಿದಳು. ಆಮೇಲೆ ದೊಡ್ಡವರು ಲೆಕ್ಕ ಬಿಡಿಸಿ ಹೇಳುವ ಹಾಗೆ, ಬಿಡಿಸಿ ಹೇಳಿದಳು.

"ಅಮ್ಮ ನನ್ನ ಬಿಟ್ಟು ಇರಾಕಿ ಅಲ್ಲ. ನಾ ಎಲ್ಲಿಗೆ ಹೋದ್ರೂ ಹಿಂದ ಬರ್ತಾಳ. ನಕ್ಷತ್ರನೂ ನನ್ನ ಚೀಲದಾಗೇ ಐತಿ. ನಾವಿಬ್ರೂ ಹೋದ್ರ ನಿಮ್ಮ ಮನಿಯಾಗ ಯಾರೂ ಇರಲ್ಲ. ಆಮ್ಯಾಲ ನಿಮಗ ಪಾಪು ಆದ್ರ ಉಳೀತದ."

ಅಲ್ಲ, ಹಾಗಲ್ಲ, ನಿಮ್ಮಮ್ಮ ಅಂಥಾಕಿ ಅಲ್ಲ, ಡಾಕ್ಟರಮ್ಮ ಹೇಳಿದ್ದು ಬೇರೆ, ಅಜ್ಜಿಯ ಮಾತು ನಂಬಬೇಡ. ಆ ದಿನ ಹಾಸಿಗೆಯಲ್ಲಿ ಆಶಾರಾಣಿ ಆಡದೆ ಉಳಿದ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಬಂದವು, ಆದರೆ ಅದಕ್ಕೂ ಮೊದಲು ಅವಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು. ಅರೆಗಳಿಗೆ ಅಷ್ಟೇ. ಬಿಂದು ಆ ಕೈಯನ್ನು ನೋಡಿದಳು.

"ಅದಕ್ಕ," ಎಂದು ಹೇಳಿ, ಗೋಪಿಯ ಕಾಲನ್ನು ಒಮ್ಮೆ ಮುಟ್ಟಿ, ಬಸ್ಸು ಹತ್ತಿದಳು.

"ಬಿಂದು, ಇಳಿಯವ್ವ. ಅದು ಸುಳ್ಳು. ನಾ ಹೇಳ್ತೀನಿ ಕೇಳು," ಎನ್ನುತ್ತ ಆಶಾರಾಣಿ ಕಿಟಕಿಯ ಕೆಳಗೆ ಬಂದಳು. ಗೋಪಿ ಜೋರಾಗಿ ಅಳತೊಡಗಿದ. ಡ್ರೈವರು ಎಂಜಿನ್ ಶುರು ಮಾಡಿದ್ದ, ಅವಳ ಮಾತು ಅವಳಿಗೇ ಕೇಳುತ್ತಿರಲಿಲ್ಲ. ಮೂವರು ಕೂರುವ ಸೀಟಿನಲ್ಲಿ ಚಿತ್ತಮ್ಮ ಓಡಾಡುವ ದಾರಿಯ ತುದಿಗೆ, ಬಿಂದು ನಡುವೆ. ಕಿಟಕಿಯ ಪಕ್ಕ ಯಾರೂ ಇರಲಿಲ್ಲ.

ಟವೆಲ್ ಹೊದ್ದ ಒಬ್ಬ ಗಂಡಸು ಬಂದು ಬಗ್ಗಿ ಕೇಳಿದ. "ಕಿಟಕಿ ಸೀಟು ಖಾಲಿ ಐತೇನಮ್ಮ? ಸರ್ಕೊಂಡು ಕುಂತ್ಕೋ."

ಬಿಂದು ಸರಿಯಲಿಲ್ಲ. ಆ ಜಾಗದ ಮೇಲೆ ಅಂಗೈ ಊರಿ, "ಇಲ್ರಿ, ಜನ ಅದಾರ," ಎಂದಳು.